ಹಡಗಿನ ಮೇಲೆ ಜನ

ಬಸ್ ನಿಲ್ದಾಣದ ಬೆಂಚಿನಲ್ಲಿ ನನ್ನ ಪಕ್ಕ ಒಬ್ಬ ತಾಯಿ, ಚಿತ್ರಕಲೆ ಕಲಿಯುತ್ತಿದ್ದ ಅವಳ ಮಗಳು ಕೂತಿದ್ದರು. ಮಗಳ ತೊಡೆಯ ಮೇಲೆ ಇನ್ನೂ ಒಣಗದ ಎಣ್ಣೆಬಣ್ಣದ ಚಿತ್ರ: ಬಿರುಗಾಳಿಗೆ ಸಿಕ್ಕ ಕಡಲು, ಒಂದು ಕಡೆಗೆ ವಾಲಿದ ಹಡಗು.

“ಮುಟ್ಬೇಡಮ್ಮ, ಕೈಗೆ ಅಂಟುತ್ತೆ.”

“ಈ ಹಡಗನ್ನ ಸ್ವಲ್ಪ ನೆಟ್ಟಗೆ ನಿಲ್ಲಿಸೋಕಾಗಲ್ವಾ?”

“ಇದು ಬರೋಕ್ ಕಾಲದ, ಅಂದ್ರೆ ಯುರೋಪಿನಲ್ಲಿ ಮುನ್ನೂರು ನಾನೂರು ವರ್ಷದ ಹಿಂದೆ ಬಿಡಿಸಿದ ಚಿತ್ರದ ನಕಲು. ಮೂಲದಲ್ಲಿ ಇದ್ದ ಹಾಗೇ ಬಿಡಿಸಿದ್ರೆ ಮಾತ್ರ ಕೈ ಪಳಗುತ್ತೆ ಅಂತಾರೆ ಮೇಷ್ಟ್ರು.”

“ಮೇಷ್ಟ್ರಿಗೇನು, ಅವರ ಮನೆಯವ್ರು ಯಾರೂ ಕಡಲಲ್ಲಿಲ್ಲ.”

“ಅಪ್ಪನ ಹಡಗು ಕಬ್ಬಿಣದ್ದಮ್ಮ. ಇದು ಮರದ್ದು.”

“ಕಬ್ಬಿಣ ಮುಳುಗಲ್ಲ ಅಂತ ಯಾರಾದ್ರೂ ಬರ್ಕೊಟ್ಟಿದಾರಾ? ಗಾಳಿ ಎದ್ದಾಗಿನಿಂದ ಒಂದು ಫೋನಿಲ್ಲ. ಕಂಪನಿಯವ್ರು ‘ಸಂಪರ್ಕ ಸಿಕ್ತಿಲ್ಲ’ ಅಂತ ಒಂದೇ ರಾಗ ಹಾಡ್ತಿದಾರೆ.”

ಮಗಳು ಚಿತ್ರವನ್ನು ತೊಡೆಯ ಮೇಲೆ ಸರಿಮಾಡಿಕೊಂಡಳು. ತಾಯಿ ಮತ್ತೆ ಅದರತ್ತ ಬಗ್ಗಿದಳು.

“ಮೂಲದಲ್ಲಿ ಹಡಗಿನ ಮೇಲೆ ಜನ ಇದ್ರಲ್ಲ? ನೀನೇ ಪುಸ್ತಕದಲ್ಲಿ ತೋರಿಸಿದ್ದೆ. ಹಗ್ಗ ಎಳೀತಿದ್ರು.”

“ಹೂಂ.”

“ಇದ್ರಲ್ಲಿ ಒಬ್ರೂ ಇಲ್ವಲ್ಲೇ.”

“ಅಲೆ, ಮೋಡ ಎಲ್ಲ ಮುಗಿಸ್ದೆ. ಅವರನ್ನ ಬಿಡಿಸೋಣ ಅಂತ ಕುಂಚ ಎತ್ತಿದ್ರೆ ಅಪ್ಪನ ಮುಖಾನೇ ಕಣ್ಮುಂದೆ ಬರುತ್ತಮ್ಮ.”



“ಆದ್ರೂ ಬಿಡಿಸು. ಖಾಲಿ ಹಡಗು ನೋಡೋಕಾಗ್ತಿಲ್ಲ ನನ್ನ ಕೈಲಿ.”

“ಎಲ್ರನ್ನೂ?”

“ಎಲ್ರನ್ನೂ. ಒಬ್ಬರನ್ನೂ ಬಿಡ್ಬೇಡ.”

ಬಸ್ಸು ಬಂತು. ತಾಯಿ ಚಿತ್ರವನ್ನು ಅಂಚಿನಲ್ಲಷ್ಟೇ ಹಿಡಿದುಕೊಂಡು ಹತ್ತಿದಳು. ಹಿಂದೆಯೇ ಮಗಳು, ತಾಯಿಯ ಬೆನ್ನಿಗೆ ಕೈ ಕೊಟ್ಟು.