ಗೆದ್ದ ಕುದುರೆಯ ಲಾಳ

ಮಳವಳ್ಳಿಯಲ್ಲಿ ಹಲಗೂರಿನ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಒಬ್ಬ ಹೆಂಗಸು, ಅವಳ ತಮ್ಮ ಕೂತಿದ್ದರು.

"ಮಂಡ್ಯ, ಮದ್ದೂರು ಗುಜರಿಯೆಲ್ಲಾ ಜಾಲಾಡಿದ್ದಾಯ್ತು. ಇನ್ನು ಬುಡಕ್ಕಾ."

"ಬುಡಾಕಿಲ್ಲ ಕಣ್ಲಾ. ಮೈಸೂರು ರೇಸ್ ಗೆದ್ದ ಕುದುರೆ ಲಾಳ ಅದು. ಲಾಯದಲ್ಲಿ ಅಪ್ಪಯ್ಯನೇ ಮೈ ತಿಕ್ಕಿದ ಕುದುರೆ. ಅವ್ವ ತಿಳೀದೆ ಗುಜರಿಗೆ ಹಾಕ್ಬುಟ್ಲು."

"ಅಲಗೂರಿನೋರು ಯಾರೋ ಅದನ್ನ ಮದ್ದೂರು ಗುಜರೀಲಿ ಕೊಂಡು ಒಸ್ತಿಲಿಗೆ ಹೊಡ್ದವ್ರಂತೆ. ಅದೃಷ್ಟದ ಲಾಳ ಯಾರು ಕಿತ್ಕೊಟ್ಟಾರು?"

"ಅವ್ರೇ ಕಿತ್ಕೊಡ್ತಾರೆ."

"ಎಂಗೆ?"

"ಆ ಕುದುರೆ ಒದ್ದೇ ನಮ್ಮಪ್ಪ ಸತ್ತ ಅಂತೀನಿ."

"ಅಕ್ಕಾ! ಅಪ್ಪಯ್ಯ ಮನೇಲಿ ಗುಂಡುಕಲ್ಲಿನಂಗೆ ಕುಂತವ್ನಲ್ಲ!"

"ಅಲಗೂರಿನೋರು ಬಂದು ನೋಡ್ತಾರಾ? ಬಸ್ಸು ಬಂತು, ಹತ್ಲಾ. ಅಲ್ಲೋದ್ಮ್ಯಾಲೆ ನೀನೂ ಒಸಿ ಅಳು."