ಸೃಷ್ಟಿಕರ್ತನ ಲೆಕ್ಕ, ನನ್ನ ಜೋಕು

ವೇದಿಕೆಯನ್ನು ಅಲಂಕರಿಸಿರುವ ಶಾಲಾ ಸಮಿತಿಯ ಅಧ್ಯಕ್ಷರಾದ ಯಮನೂರಪ್ಪನವರೇ, ಮುಖ್ಯೋಪಾಧ್ಯಾಯಿನಿ ದ್ರಾಕ್ಷಾಯಿಣಿ ಮೇಡಂ ಅವರೇ, ಗುರುವೃಂದದವರೇ, ಶಾಮಿಯಾನದ ನೆರಳು ಸಾಲದೆ ಬೇವಿನ ಗಿಡದ ಬುಡಕ್ಕೆ ಸರಿದು ಕುಳಿತಿರುವ ತಾಯಂದಿರೇ, ನೃತ್ಯದ ವೇಷ ತೊಟ್ಟು ಈ ಮುದುಕ ಯಾವಾಗ ಮಾತು ನಿಲ್ಲಿಸುತ್ತಾನೋ ಎಂದು ಕಾಯುತ್ತಿರುವ ಮಕ್ಕಳೇ, ಸಮಸ್ತ ಸಭಿಕರೇ,

ನಿರೂಪಣೆ ಮಾಡಿದ ಮಾಸ್ತರರು ನನ್ನನ್ನು ‘ಖ್ಯಾತ ವಿಜ್ಞಾನ ಚಿಂತಕ’ ಎಂದು ಕರೆದರು. ಅದಕ್ಕೊಂದು ಸಣ್ಣ ತಿದ್ದುಪಡಿ. ನಾನು ಕೊಟ್ರಪ್ಪ, ಯಲಬುರ್ಗಾದವನು, ಮೂವತ್ತೊಂದು ವರ್ಷ ಮಕ್ಕಳಿಗೆ ಮಾವಿನಕಾಯಿ, ಹೂದಾನಿ ಬಿಡಿಸಲು ಕಲಿಸಿ ನಿವೃತ್ತನಾದ ಡ್ರಾಯಿಂಗ್ ಮಾಸ್ತರ. ವಿಜ್ಞಾನದಲ್ಲಿ ನನಗೆ ಬಂದ ಅಂಕಗಳನ್ನು ಈ ಮಕ್ಕಳ ಮುಂದೆ ಹೇಳಿದರೆ ಮೇಡಂ ಅವರು ನನ್ನನ್ನು ಮತ್ತೊಮ್ಮೆ ಕರೆಯಲಾರರು.

ಈ ದಿನ ನನಗೆ ಒಂದು ಕೆಲಸ ಒಪ್ಪಿಸಲಾಗಿದೆ. ಅದನ್ನು ಮಾಡದೆ ನಾನು ಈ ವೇದಿಕೆ ಇಳಿದರೆ ಈ ಶಾಲೆಯ ಒಂದು ಮಗು ನಾಳೆಯಿಂದ ಶಾಲೆಗೆ ಬರುವುದಿಲ್ಲ. ಆ ಕೆಲಸಕ್ಕೆ ಖಂಡಿತ ಬರುತ್ತೇನೆ. ಆದರೆ ಭಾಷಣಕಾರನಿಗೆ ಪೀಠಿಕೆ ಇಲ್ಲದೆ ಗಂಟಲು ತೆರೆಯುವುದಿಲ್ಲ, ಅಷ್ಟಕ್ಕೆ ಅವಕಾಶ ಕೊಡಿ.

‘ಸೃಷ್ಟಿಕರ್ತನ ಕೈಚಳಕ’ ಎಂಬ ನನ್ನ ಉಪನ್ಯಾಸವನ್ನು ನಿಮ್ಮಲ್ಲಿ ಹಲವರು ಕೇಳಿದ್ದೀರಿ. ಕೆಲವರು ಮೂರು ಸಲ ಕೇಳಿದ್ದೀರಿ, ಅವರಿಗೆ ನನ್ನ ಸಹಾನುಭೂತಿ. ಇಪ್ಪತ್ತನಾಲ್ಕು ವರ್ಷಗಳಿಂದ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂದು ನಾನು ಹತ್ತದ ಬಸ್ಸಿಲ್ಲ, ಹೋಗದ ಶಾಲೆಯಿಲ್ಲ. ಬಗಲಲ್ಲಿ ನಾನೇ ಬಣ್ಣ ತುಂಬಿದ ನಾಲ್ಕು ಚಿತ್ರಪಟ. ಜೇನುಗೂಡು, ನವಿಲುಗರಿ, ಕೊಯ್ದ ದಾಳಿಂಬೆ, ಮನುಷ್ಯನ ಅಂಗೈ. ಜೇನುಹುಳು ಯಾವ ಶಾಲೆಯಲ್ಲಿ ರೇಖಾಗಣಿತ ಕಲಿಯಿತು? ದಾಳಿಂಬೆಯೊಳಗೆ ಆ ಕೆಂಪು ಕಾಳುಗಳನ್ನು ಒಂದರ ಮಗ್ಗುಲಿಗೆ ಒಂದು ಜೋಡಿಸಿ, ನಡುವೆ ತೆಳ್ಳನೆಯ ಪರದೆ ಎಳೆದವರು ಯಾರು? ಗಡಿಯಾರ ಇದ್ದ ಮೇಲೆ ಗಡಿಯಾರ ಮಾಡಿದವನು ಇರಬೇಕಲ್ಲವೇ? ಇಷ್ಟು ಕೇಳಿ ನಾನು ಒಂದು ಗುಟುಕು ನೀರು ಕುಡಿಯುತ್ತಿದ್ದೆ. ಅಷ್ಟರಲ್ಲಿ ಚಪ್ಪಾಳೆ ಬೀಳುತ್ತಿತ್ತು. ನೀರು ಎಲ್ಲಿ ಕುಡಿಯಬೇಕೆಂಬುದೂ ಮೊದಲೇ ಗೊತ್ತುಮಾಡಿಕೊಂಡ ವಿನ್ಯಾಸವೇ, ಸ್ವಾಮಿ!

ಎಲ್ಲರೂ ಚಪ್ಪಾಳೆ ತಟ್ಟಲಿಲ್ಲ ಅನ್ನಿ. ಒಮ್ಮೆ ಗಂಗಾವತಿ ಕಡೆ ಮಾತಾಡಿದಾಗ ಭತ್ತದ ರೈತ ಮಾಂತೇಶ ಎಂಬುವವರು ಎದ್ದು ನಿಂತರು. “ಸರ್, ಜೇನು ಅಂವ ಮಾಡ್ಯಾನ, ಒಪ್ಪಿದೆ. ನಮ್ಮ ಭತ್ತ ತಿನ್ನೂ ಕಂದು ಜಿಗಿಹುಳಾ ಯಾರು ಮಾಡ್ಯಾರ್ರಿ?” ಎಂದರು. ಅದೂ ಅವನೇ ಎಂದೆ. “ಹಂಗಾದ್ರ ನಾ ಔಷಧಿ ಹೊಡಿಯೂದು ದೇವರ ವಿರುದ್ಧ ಆತೇನ್ರಿ?” ಎಂದರು. ನಾನು ಗಡಿಬಿಡಿಯಲ್ಲಿ ರಾಷ್ಟ್ರಗೀತೆಗೆ ಏಳಲು ಸೂಚಿಸಿದೆ.

ಇನ್ನು ನಮ್ಮ ದ್ರಾಕ್ಷಾಯಿಣಿ ಮೇಡಂ. ವಿಜ್ಞಾನದವರು. ನಾವಿಬ್ಬರೂ ಎಷ್ಟೋ ವಿಜ್ಞಾನ ಮೇಳಗಳಲ್ಲಿ ಚಹಾ ಆರುವವರೆಗೆ ವಾದ ಮಾಡಿದ್ದೇವೆ. ಮನುಷ್ಯನ ಕಣ್ಣಿನಂಥ ಪರಿಪೂರ್ಣ ಯಂತ್ರ ತಾನಾಗಿಯೇ ಆಗಲು ಸಾಧ್ಯವೇ ಎಂದು ನಾನು ಗುಡುಗಿದರೆ, ಇವರು ಬಿಸ್ಕೀಟು ಅದ್ದುತ್ತಾ, “ಅಷ್ಟು ಪರಿಪೂರ್ಣ ಇದ್ರ ನಿಮಗ ಚಾಳೀಸದ ಕನ್ನಡಕ ಯಾಕ ಬಂತ್ರಿ ಸರ್?” ಎನ್ನುತ್ತಾರೆ. ಕೋಟ್ಯಂತರ ವರ್ಷಗಳಲ್ಲಿ ಚೂರು ಚೂರೇ ಬದಲಾಗಿ ಕಣ್ಣು ಹೀಗಾಗಿದೆ ಎಂಬುದು ಇವರ ಪಾಠ. ಒಂದೇ ಏಟಿಗೆ ರೂಪಿಸಿದ್ದು ಎಂಬುದು ನನ್ನ ಪಾಠ. ಇವರು ಸೋಲಲಿಲ್ಲ, ನಾನು ಒಪ್ಪಲಿಲ್ಲ. ಆದರೂ ಪ್ರತಿ ವರ್ಷ ಮೇಳಕ್ಕೆ ನನ್ನನ್ನೇ ಕರೆಯುತ್ತಾರೆ, ಈ ವರ್ಷ ತಮ್ಮ ಶಾಲೆಗೂ ಕರೆದಿದ್ದಾರೆ. ಯಾಕೆ ಮೇಡಂ ಎಂದು ಕೇಳಿದರೆ, “ನಿಮ್ಮ ಚಿತ್ರ ಭಾಳ ಛಲೋ ಇರತಾವ್ರಿ” ಎನ್ನುತ್ತಾರೆ. ಮಾತಿನ ಬಗ್ಗೆ ಒಂದಕ್ಷರ ಹೇಳುವುದಿಲ್ಲ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ‘ಐದು ನಿಮಿಷ’ ಎಂದಿದೆ. ಆಗಲಿ. ಅಂಗೈಗೆ ಬರುತ್ತೇನೆ.

ಉಪನ್ಯಾಸದ ಕೊನೆಗೆ ನಾನು ಅಂಗೈಯ ಪಟ ಬಿಚ್ಚುತ್ತಿದ್ದೆ. “ಮಕ್ಕಳೇ, ನಿಮ್ಮ ನಿಮ್ಮ ಕೈ ಎತ್ತಿ ನೋಡಿಕೊಳ್ಳಿ. ಎಷ್ಟು ಬೆರಳು? ಐದು! ನಾಲ್ಕಾಗಿದ್ದರೆ ಹಿಡಿತ ಸಾಲದು. ಆರಾಗಿದ್ದರೆ? ಆರನೆಯದಕ್ಕೆ ಕೆಲಸವೇ ಇಲ್ಲ, ತೂರಿಸಲು ಮೂಗಿನ ಹೊಳ್ಳೆಯೂ ಉಳಿಯುವುದಿಲ್ಲ! ಸೃಷ್ಟಿಕರ್ತ ಲೆಕ್ಕ ತಪ್ಪುವವನಲ್ಲ!” ಎನ್ನುತ್ತಿದ್ದೆ.

ಈ ಮಾತನ್ನು ನಾನು ಮೊಟ್ಟಮೊದಲು ಹೇಳಿದ್ದು ಇದೇ ಶಾಲೆಯಲ್ಲಿ, ಇಪ್ಪತ್ತೆರಡು ವರ್ಷಗಳ ಹಿಂದೆ. ಆಗ ಇಲ್ಲಿ ತಗಡಿನ ಶೆಡ್ಡು. ಏನು ನಗೆ, ಏನು ನಗೆ! ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ನನ್ನ ಯಾವ ಜೋಕಿಗೂ ಜನ ಹಾಗೆ ನಕ್ಕಿರಲಿಲ್ಲ. ಮನೆಗೆ ಹೋಗಿ ಹೆಂಡತಿ ಅನ್ನಪೂರ್ಣಳ ಮುಂದೆ ಅಭಿನಯಿಸಿ ತೋರಿಸಿದೆ. “ಇದರಾಗ ನಗೂದು ಏನೈತ್ರಿ?” ಎಂದಳು. ನನಗೆ ಸಿಟ್ಟು ಬಂತು. ಮರುವಾರ ಹನುಮಸಾಗರದಲ್ಲಿ ಅದನ್ನೇ ಹೇಳಿದೆ. ಸುಮಾರಾಗಿ ನಕ್ಕರು. ಆಮೇಲೆ ನವಲಿಯಲ್ಲಿ. ಅಲ್ಲಿಯೂ ಸುಮಾರು. ಮೊದಲ ದಿನದ ನಗೆ ಮತ್ತೆ ಸಿಗಲೇ ಇಲ್ಲ. ಸಿಕ್ಕೀತು ಎಂಬ ಆಸೆಗೆ ಇಪ್ಪತ್ತೆರಡು ವರ್ಷ ಅದೇ ಮಾತು ಹೇಳಿದೆ.

ಹೋದ ತಿಂಗಳು ಈ ಕಾರ್ಯಕ್ರಮದ ದಿನ ಗೊತ್ತುಮಾಡಲು ಬಂದಿದ್ದೆ. ಮಧ್ಯಾಹ್ನ ಮೇಡಂ ಅವರು ಬಿಸಿಯೂಟಕ್ಕೆ ಕೂರಿಸಿದರು. ಬಡಿಸಲು ಬಂದವರು ಅಡುಗೆಯ ಹುಲಗಮ್ಮ. ಅವರ ಹೆಸರನ್ನು ಅವರ ಅಪ್ಪಣೆ ಪಡೆದೇ ಹೇಳುತ್ತಿದ್ದೇನೆ. ಅಕೋ, ಅಡುಗೆ ಕೋಣೆಯ ಬಾಗಿಲಲ್ಲಿ ನಿಂತಿದ್ದಾರೆ. ಸೌಟು ಹಿಡಿದ ಕೈ ನನ್ನ ತಟ್ಟೆಯ ಮೇಲೆ ಬಂತು. ಆ ಕೈಗೆ ಆರು ಬೆರಳು. ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ. “ಏನವ್ವಾ, ದೇವರು ನಿನಗ ಒಂದು ಬೆರಳು ಹೆಚ್ಚಿಗಿ ಕೊಟ್ಟಾನ, ನೀನೂ ನನಗ ಒಂದು ಸೌಟು ಸಾರು ಹೆಚ್ಚಿಗಿ ಹಾಕು” ಎಂದೆ.

ಅವರು ಸಾರು ಹಾಕಿದರು. ಸೌಟನ್ನು ಬೋಗುಣಿಯಲ್ಲಿಟ್ಟು, ನೆಟ್ಟಗೆ ನಿಂತು ಹೇಳಿದರು: “ಲೆಕ್ಕಾ ತಪ್ಪಂಗಿಲ್ಲ ಅಂತ ಹೇಳಿದ್ದ ಮಾಸ್ತರ ನೀವs ಅಲ್ರಿ? ನಾ ಆಗ ಒಂಬತ್ತನೇ ಕ್ಲಾಸಿನ್ಯಾಗ ಇದ್ನಿ. ನೀವು ಆ ಮಾತು ಅಂದ್ರಿ, ಇಡೀ ಸಾಲಿ ನನ್ನ ಕಡೆ ತಿರುಗಿ ನಕ್ತು. ಮರುದಿನದಿಂದ ನಾ ಸಾಲಿಗೆ ಬರಲಿಲ್ಲ. ನಮ್ಮವ್ವ ಬಡಿದ್ಲು, ಆದ್ರೂ ಬರಲಿಲ್ಲ.”

ಸಭಿಕರೇ, ನಾನು ತಟ್ಟೆಯನ್ನು ಬದಿಗೆ ಸರಿಸಿದೆ. ನೋಡಿರಲಿಲ್ಲವ್ವಾ, ನೀನು ಅಲ್ಲಿ ಕೂತಿದ್ದು ನನಗೆ ಗೊತ್ತಿರಲಿಲ್ಲ ಎಂದೆ. ಅವರು ದೊಡ್ಡ ಮನಸ್ಸಿನವರು. “ಅದು ನನಗೂ ಗೊತ್ತೈತ್ರಿ. ನೋಡಿದ್ರ ನೀವು ಅಂತಿದ್ದಿಲ್ಲ ಬಿಡ್ರಿ. ಈಗ ನನ್ನ ಮಗಳು ಇದs ಸಾಲ್ಯಾಗ ಓದಾಕತ್ಯಾಳ. ಆಕಿ ಕೈಯೂ ನನ್ನಂಗs ಐತಿ. ನೀವು ಮತ್ತ ಬಂದು ಅದನ್ನs ಅಂದ್ರ ಆಕಿನೂ ನಾಳಿಂದ ಬರಂಗಿಲ್ಲ” ಎಂದರು.

ಆ ಮಾತನ್ನು ಬಿಟ್ಟುಬಿಡುತ್ತೇನೆ ಎಂದೆ.

“ಬಿಟ್ರ ಆಗಂಗಿಲ್ರಿ. ಎಲ್ಲಾರ ಮುಂದ ಅಂದೀರಿ, ಎಲ್ಲಾರ ಮುಂದ ಹಿಂದಕ್ಕ ತಗೋರಿ. ಆ ದಿನಾ ಆಕಿನ್ನ ನಾ ಕರಕೊಂಡು ಬಂದು ಕುಂದರಸ್ತೀನಿ. ನೀವು ಹೇಳಲಿಲ್ಲಂದ್ರ ಎಬ್ಬಿಸಿಕೊಂಡು ಹೋಗ್ತೀನಿ.”

ಕೈತೊಳೆದು ಮೇಡಂ ಅವರ ಕೋಣೆಗೆ ಹೋದೆ. ಅವರು ಒಂದು ಹಾಳೆ ತೆಗೆದುಕೊಂಡು, ನನ್ನಂಥ ಡ್ರಾಯಿಂಗ್ ಮಾಸ್ತರನ ಮುಂದೆ ತೀರಾ ಕೆಟ್ಟದಾಗಿ ಒಂದು ಕೈ ಬಿಡಿಸಿದರು. “ಹೊಟ್ಯಾಗಿನ ಕೂಸಿಗೆ ಮೊದಲಿಗೆ ಬೆರಳು ಇರಂಗಿಲ್ರಿ ಸರ್. ಕೈ ಅಂದ್ರ ಒಂದು ಚಪ್ಪಟಿ ತುಂಡು. ನಡುವಿನ ಜೀವಕೋಶ ಸತ್ತು ಜಾಗಾ ಬಿಡ್ತಾವ, ಬೆರಳು ಬಿಡಿ ಬಿಡಿ ಆಗ್ತಾವ. ಎಷ್ಟು ಬೆರಳು ಅನ್ನೂದಕ್ಕ ಒಳಗ ಒಂದು ಸೂಚನಾ ಇರತೈತಿ. ಅದು ಚೂರು ಬ್ಯಾರೆ ಆದ್ರ ಆರು. ತಾಯಿಂದ ಮಗಳಿಗೂ ಬರತೈತಿ” ಎಂದರು. ನನಗೆ ಹಳೆಯ ಚಟ ನೋಡಿ, ಆ ಸೂಚನೆ ಕೊಡುವವರು ಯಾರು ಮೇಡಂ ಎಂದು ಕೇಳಿಯೇಬಿಟ್ಟೆ. “ಅದನ್ನ ಹುಲಗಮ್ಮನ್ನ ಕೇಳ್ರಿ” ಎಂದರು.

ಕೇಳಿದೆ ಕೂಡ. ಮೂರ್ಖನಿಗೆ ಮುಜುಗರ ಎಲ್ಲಿಯದು? ಪಾತ್ರೆ ತಿಕ್ಕುತ್ತಿದ್ದ ಹುಲಗಮ್ಮ ತಲೆ ಎತ್ತದೆ ಹೇಳಿದರು: “ದೇವರು ಕೊಟ್ಟಿದ್ದು ಅಂತ ನೀವs ಅಂತೀರಿ. ನಿಮಗ ಐದು ಕೊಡೂಮುಂದ ಅಂವನ ಲೆಕ್ಕಾ ಸರಿ ಇತ್ತು, ನನಗ ಆರು ಕೊಡೂಮುಂದ ತಪ್ಪಿತೇನ್ರಿ?”

ನಾನು ಈಗಲೂ ಸೃಷ್ಟಿಕರ್ತನನ್ನು ನಂಬುತ್ತೇನೆ. ಮೇಡಂ ಬೇಸರಿಸಬಾರದು, ನಮ್ಮ ಚಹಾದ ಜಗಳ ಮುಂದುವರಿಯಲಿ. ಆದರೆ ಆ ಕೈಯನ್ನು ಮೇಡಂ ಅವರ ವಿಜ್ಞಾನ ತಪ್ಪು ಎನ್ನಲಿಲ್ಲ. ನನ್ನ ದೇವರೂ ತಪ್ಪು ಎಂದು ನನಗೆ ಕಾಗದ ಬರೆದಿರಲಿಲ್ಲ. ಅವನು ಮಾಡಿದ ಕೈಗೆ ತಪ್ಪು ಗುರುತು ಹಾಕಲು ಕೆಂಪು ಪೆನ್ನು ಹಿಡಿದು ಹೊರಟವನು ನಾನು.

ಆದ್ದರಿಂದ ಎಲ್ಲರ ಮುಂದೆ ಆಡಿದ ಆ ಮಾತನ್ನು ಎಲ್ಲರ ಮುಂದೆ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ. ಆ ಮಾತು ಸುಳ್ಳು, ಕೆಟ್ಟದ್ದು, ಅದರಲ್ಲಿ ನಗುವಂಥದ್ದು ಏನೂ ಇರಲಿಲ್ಲ.

ಅಧ್ಯಕ್ಷರು ಮತ್ತೆ ಚೀಟಿ ಕಳಿಸಬೇಡಿ, ಮುಗಿಸುತ್ತಿದ್ದೇನೆ. ಒಪ್ಪಿಸಿದ ಕೆಲಸ ಇಲ್ಲಿಗೆ ಮುಗಿಯಿತು. ಬರೆದುಕೊಂಡು ಬಂದದ್ದೂ ಇಷ್ಟೇ. ಆದರೆ ಹುಲಗಮ್ಮ ಅವರು ಅಲ್ಲಿ ತಲೆಯಾಡಿಸುತ್ತಿದ್ದಾರೆ, ನನ್ನನ್ನು ಕ್ಷಮಿಸಿದವರ ಹಾಗೆ ಕಾಣುತ್ತಿದ್ದಾರೆ. ಅದನ್ನು ನೋಡಿಕೊಂಡು ಕೆಳಗಿಳಿಯಲು ನನಗೆ ಆಗುತ್ತಿಲ್ಲ.

ಹುಲಗಮ್ಮ ಅವರೇ, ನೋಡಿದ್ದರೆ ನೀವು ಅನ್ನುತ್ತಿರಲಿಲ್ಲ ಎಂದಿರಿ. ನಾನು ನೋಡಿದ್ದೆ. ಮೂರನೆಯ ಸಾಲು, ಎರಡು ಜಡೆ, ಕೆಂಪು ರಿಬ್ಬನ್ನು. ಕೈ ಎತ್ತಿ ಎಂದಾಗ ಎಲ್ಲರೂ ಎತ್ತಿದರು, ನೀವು ಎತ್ತಿದ ಕೈಯನ್ನು ಇಳಿಸಿ ಲಂಗದ ಮಡಿಕೆಯೊಳಗೆ ಇಟ್ಟುಕೊಂಡಿರಿ. ಡ್ರಾಯಿಂಗ್ ಮಾಸ್ತರನ ಕಣ್ಣಿಗೆ ಅದು ಬಿತ್ತು. ಆರು ಎಂಬ ಮಾತು ನನಗೆ ಹೊಳೆದದ್ದೇ ಆಗ. ಅಲ್ಲಿಯವರೆಗೆ ಆ ಜೋಕು ನನ್ನ ಉಪನ್ಯಾಸದಲ್ಲಿ ಇರಲೇ ಇಲ್ಲ.

ಮಕ್ಕಳೇ, ಆ ದಿನ ನಕ್ಕವರು ನಿಮ್ಮಷ್ಟೇ ಚಿಕ್ಕವರು. ಅವರನ್ನು ನಗಿಸಿದವನಿಗೆ ನಲವತ್ತು ವರ್ಷ ವಯಸ್ಸಾಗಿತ್ತು.

ತಾಯಿ, ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತೇನೆ. ಕ್ಷಮಿಸದಿದ್ದರೂ ಅದು ನ್ಯಾಯವೇ. ನನ್ನ ಮೇಲಿನ ಸಿಟ್ಟಿಗೆ ಮಾತ್ರ ಮಗಳನ್ನು ಎಬ್ಬಿಸಿಕೊಂಡು ಹೋಗಬೇಡಿ. ಹೋಗಬೇಕಾದವನು ನಾನು, ಈಗ ಹೋಗುತ್ತೇನೆ. ಕರೆದ ಶಾಲೆಗೆ, ತಾಳ್ಮೆಯಿಂದ ಕೇಳಿದ ನಿಮಗೆಲ್ಲರಿಗೆ ನನ್ನ ವಂದನೆಗಳು. ನಮಸ್ಕಾರ.