ದಸರೆಯ ದಿನ ಅಳಿಸಿಹೋದ ಹಾಡುಗಳು

ನಾನು ರಮಾ ಬಿಂದುಮಾಧವ ಕಟ್ಟಿ, ವಯಸ್ಸು 46 ವರ್ಷ, ಉದ್ಯೋಗ ಕಂಪ್ಯೂಟರ್ ಶಿಕ್ಷಕಿ, ವಾಸ ಲಕ್ಷ್ಮೀ ನಗರ, ನಾಗಪುರ, ಮೂಲ ಧಾರವಾಡ. ಠಾಣೆಯ ಹವಾಲ್ದಾರರು ಸೊಲ್ಲಾಪುರದವರು, ಕನ್ನಡ ಬಲ್ಲವರು. ಆದ್ದರಿಂದ ಕನ್ನಡದಲ್ಲೇ ಹೇಳಿ ಬರೆಸುತ್ತಾ ಈ ಮೂಲಕ ತಿಳಿಸುವುದೇನೆಂದರೆ,

ನಿನ್ನೆ ಉದಯ್ ಎಂಬುವವನ ಮೇಲೆ ದೂರು ಕೊಟ್ಟ ಬಿಂದುಮಾಧವ ನನ್ನ ಗಂಡ. ನಾವಿಬ್ಬರೂ ಮನೆಯ ಕೆಳಗಡೆ ಕಂಪ್ಯೂಟರ್ ತರಗತಿ ನಡೆಸುತ್ತೇವೆ. ಉದಯ್, 23 ವರ್ಷ, ವಾಯುಸೇನೆಯ ಬೋಪಣ್ಣ ಅವರ ಮಗ, ನಮ್ಮಲ್ಲಿ ಕಂಪ್ಯೂಟರ್ ನಡೆಸುವ ಲಿನಕ್ಸ್ ತಂತ್ರಾಂಶ ಕಲಿಸುತ್ತಾನೆ. ಅವನಿಗೂ ವಾಯುಸೇನೆಯಲ್ಲಿ ಆಯ್ಕೆಯಾಗಿದ್ದು, ಪೊಲೀಸ್ ಪರಿಶೀಲನೆಯೊಂದೇ ಬಾಕಿ ಇದೆ. ಈಗ ಕೇಸು ಬಿದ್ದರೆ ಆ ಕೆಲಸ ಕೈತಪ್ಪುತ್ತದೆ.

ನಮ್ಮ ಲ್ಯಾಬಿನಲ್ಲಿ ಒಂದು ದೊಡ್ಡ ಕಂಪ್ಯೂಟರಿನ ಒಳಗೆ ತಂತ್ರಾಂಶದಿಂದಲೇ ಮಾಡಿದ ಹತ್ತು ತೋರಿಕೆಯ ಕಂಪ್ಯೂಟರುಗಳಿವೆ. ವಿದ್ಯಾರ್ಥಿಗಳು ದಿನವೂ ಅವನ್ನು ಕೆಡಿಸುತ್ತಾರೆ, ಕೆಡಿಸಿಯೇ ಕಲಿಯುತ್ತಾರೆ. ಮರುದಿನ ಪ್ರತಿಯೊಂದಕ್ಕೂ ಹೊಸದಾಗಿ ಲಿನಕ್ಸ್ ಹಾಕಬೇಕು. ಹಾಕುವಾಗ ಅದು ಭಾಷೆ ಯಾವುದು, ಗಡಿಯಾರ ಯಾವುದು, ಹಳೆಯದನ್ನು ಅಳಿಸಲೇ ಎಂದು ಪ್ರಶ್ನೆಗಳ ಮಳೆ ಸುರಿಸುತ್ತದೆ. ಉದಯ್ ಎಲ್ಲ ಉತ್ತರಗಳನ್ನು ಮೊದಲೇ ಒಂದು ಫೈಲಿನಲ್ಲಿ ಬರೆದಿಟ್ಟ. ಅಂದಿನಿಂದ ಗುಂಡಿ ಒತ್ತಿದರೆ ಸಾಕು, ಲಿನಕ್ಸ್ ತಾನಾಗಿ ಕೂರುತ್ತದೆ. ಅಳಿಸಲೇ ಎಂಬುದಕ್ಕೆ ಆ ಫೈಲಿನ ಉತ್ತರ, ಅಳಿಸು. ಲ್ಯಾಬಿನ ತಂತಿಗಳೆಲ್ಲ ಸೇರುವ ಪೆಟ್ಟಿಗೆಗೆ ಯಾವ ಕಂಪ್ಯೂಟರಿನ ತಂತಿ ಹಚ್ಚಿದರೂ ಇದೇ ಗತಿ, ಆಫೀಸಿನದನ್ನು ಎಂದೂ ಹಚ್ಚಬೇಡಿ ಸರ್ ಎಂದು ಅವನು ನನ್ನೆದುರಿಗೇ ಹೇಳಿದ್ದ. ನನ್ನ ಗಂಡ ಹೂಂ ಎಂದರು. ಅವರು ಎಲ್ಲದಕ್ಕೂ ಹೂಂ ಎನ್ನುತ್ತಾರೆ.

ದಿನಾಂಕ 20ರಂದು ಆಯುಧಪೂಜೆ. ಆ ದಿನ ನನ್ನ ಗಂಡ ಬೇರೆಯವರಿಗೆ ಯಂತ್ರ ಮುಟ್ಟಗೊಡುವುದಿಲ್ಲ. ಎಲ್ಲ ತಂತಿಗಳನ್ನು ಕಿತ್ತು, ಒದ್ದೆ ಬಟ್ಟೆಯಿಂದ ಒರೆಸಿ, ಕುಂಕುಮ ಹಚ್ಚಿ, ಚೆಂಡುಹೂ ಏರಿಸಿದರು. 21ರ ಬೆಳಿಗ್ಗೆ ತಾವೇ ತಂತಿಗಳನ್ನು ಮರಳಿ ಜೋಡಿಸಿದರು. ಕೊನೆಗೆ ಆಫೀಸಿನ ಕಂಪ್ಯೂಟರಿನ ಹಸಿರು ತಂತಿಯೊಂದು ಉಳಿಯಿತು. ಅದನ್ನು ಒಂದು ಪೆಟ್ಟಿಗೆಯ ಖಾಲಿ ತೂತಿಗೆ ಸಿಕ್ಕಿಸಿದ್ದನ್ನು ನಾನು ಬಾಗಿಲಿನಿಂದ ಕಂಡೆ. ಅದು ಯಾವ ಪೆಟ್ಟಿಗೆ ಎಂಬ ಕಡೆ ಆಗ ನನ್ನ ಲಕ್ಷ್ಯ ಇರಲಿಲ್ಲ. ಗಂಟೆ ಬಾರಿಸಿ ಎಲ್ಲವನ್ನೂ ಒಟ್ಟಿಗೆ ಚಾಲೂ ಮಾಡಿದರು. ಬಳಿಕ ಬನ್ನಿ ಕೊಡಲು ಮನೀಶ್ ನಗರಕ್ಕೆ ಹೋದೆವು.

ಆಫೀಸಿನ ಕಂಪ್ಯೂಟರ್ ಹಳೆಯದು. ಚಾಲೂ ಆದಾಗಲೆಲ್ಲ ಮೊದಲು ತಂತಿಯ ಆಚೆ ಯಾರಾದರೂ ಇದ್ದಾರೆಯೇ ಎಂದು ವಿಚಾರಿಸುತ್ತದೆ. ಇಷ್ಟು ವರ್ಷ ಯಾರೂ ಓಗೊಟ್ಟಿರಲಿಲ್ಲ. ಆ ದಿನ ಉದಯ್‌ನ ಫೈಲು ಓಗೊಟ್ಟಿತು.

ಮಧ್ಯಾಹ್ನ ಬಂದು ನೋಡಿದಾಗ ಕಪ್ಪು ಪರದೆಯ ಮೇಲೆ ಹೊಸ ಲಿನಕ್ಸ್, ಬಳಸುವವರ ಹೆಸರು ಕೇಳುತ್ತಾ ನಿಂತಿತ್ತು. ಕುಂಕುಮ ಹಾಗೇ ಇತ್ತು. ನಮ್ಮ ಅತ್ತೆ ವಿಜಯಾಬಾಯಿ ಶ್ರಾವಣದಲ್ಲಿ ತೀರಿಕೊಂಡರು. ಅವರು ಹಾಡಿದ ಹಾಡುಗಳನ್ನು ನನ್ನ ಗಂಡ ಅದೇ ಕಂಪ್ಯೂಟರಿನಲ್ಲಿ ತುಂಬಿಟ್ಟಿದ್ದರು. ಬೇರೆ ಪ್ರತಿ ಇದೆಯೇ ಎಂದು ಸಾಹೇಬರು ಕೇಳಿದ್ದಾರೆ. ಇಲ್ಲ. ಪ್ರತಿ ಇಟ್ಟುಕೊಳ್ಳಿ ಎಂದು ಊರಿಗೆಲ್ಲ ಕಲಿಸುವವರು ನಾವು.

ಉದಯ್ ಆ ದಿನ ನಮ್ಮಲ್ಲಿಗೆ ಬಂದಿರಲಿಲ್ಲ. ಕೆಲಸ ಬಿಡುತ್ತೇನೆಂದು ಅವನು ಹಿಂದಿನ ವಾರವಷ್ಟೇ ಹೇಳಿ ಇವರಿಂದ ಬೈಸಿಕೊಂಡಿದ್ದರಿಂದ, ಸಿಟ್ಟಿಲೇ ಮಾಡ್ಯಾನ ಅಂವಾ ಎಂದು ನನ್ನ ಗಂಡ ಹಟ ಹಿಡಿದರು. ನಿನ್ನೆ ಅವರು ಠಾಣೆಗೆ ಹೊರಟ ಮೇಲೆ ನಾನು ತಂತಿ ಹಿಡಿದು ಹೋಗಿ ನೋಡಿದೆ. ಅದು ಲ್ಯಾಬಿನ ಪೆಟ್ಟಿಗೆಯಲ್ಲೇ ಇತ್ತು. ಅವರು ಮರಳಿದಾಗ ಹೇಳಿದರೆ, ನಾ ಎಲ್ಲಾ ಬರೋಬರ್ ಹಚ್ಚೀನಿ, ನೀ ಸುಮ್ಮನಿರು ಎಂದರು. ಸುಮ್ಮನಿರಲು ನನ್ನಿಂದಾಗಲಿಲ್ಲ. ಬೆಳಿಗ್ಗೆಯಿಂದ ಇಲ್ಲಿ ಕೂತಿರುವ ಉದಯ್, ನಾನು ಬಂದ ಕೂಡಲೇ ಅಜ್ಜಿಯ ಹಾಡು ಒಂದಾದರೂ ಉಳಿದಿದೆಯೇ ಆಂಟಿ ಎಂದು ನನ್ನನ್ನು ಕೇಳಿದ. ನನಗೆ ಅಳು ಬಂತು.

ಯಂತ್ರ ಯಾರನ್ನೂ ಕೇಳದೆ ಅಳಿಸಿತು, ಅದರ ಕೆಲಸವೇ ಅದು. ನನ್ನ ಗಂಡ ಹುಡುಗನನ್ನು ಒಂದು ಮಾತು ಕೇಳದೆ ದೂರು ಬರೆದರು. ಅವರ ದುಃಖ ನನಗೆ ಗೊತ್ತು, ಆದರೂ ಇದು ತಪ್ಪು.

ಇದಿಷ್ಟೂ ನಾನು ಕಂಡು ತಿಳಿದ ಸತ್ಯ. ಯಾರ ಒತ್ತಾಯವೂ ಇಲ್ಲ. ಹೊರಗೆ ಬೆಂಚಿನ ಮೇಲೆ ಕೂತಿರುವ ನನ್ನ ಗಂಡನಿಗೂ ಇದನ್ನು ಓದಲು ಕೊಡಬೇಕೆಂದು ಕೋರುತ್ತೇನೆ.

ಸ್ಥಳ: ನಾಗಪುರ
ದಿನಾಂಕ: 23-10-2007
ಸಹಿ: ರಮಾ ಬಿಂ. ಕಟ್ಟಿ

ಓದಿದೆ. ತಂತಿ ಹಸಿರಲ್ಲ, ಹಳದಿ. ಸಿಕ್ಕಿಸಿದವನು ನಾನೇ. ಹುಡುಗನನ್ನು ಮನೆಗೆ ಕಳಿಸಿರಿ.
ಸಹಿ: ಬಿಂದುಮಾಧವ ಕಟ್ಟಿ